ಹುಣಸೆಮರದಿಂದ ಬಾವುಟಕ್ಕೆ

ನಾನು ಇಡೀ ನೌಕರಿಯನ್ನು ಹರಿಹರದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕಳೆದವನು. ಲೇತಿನಿಂದ ಇಳಿದ ತುಂಡನ್ನು ಕೈಗೆತ್ತಿಕೊಂಡು, ಇದರಲ್ಲಿ ಏನೋ ದೋಷ ಇದ್ದೇ ಇದೆ ಎಂದು ಹುಡುಕುವುದೇ ನನಗೆ ಸಂಬಳ ತಂದ ಕೆಲಸ. ನಿವೃತ್ತಿಯಾದ ಮೇಲೆ ಆ ಕಣ್ಣು ನನ್ನ ಜೊತೆ ಮನೆಗೂ ಬಂತು. ಹಾಲಿನವನನ್ನೂ ಬಿಡಲಿಲ್ಲ, ಮೆಡಿಕಲ್ ಶಾಪಿನವನನ್ನೂ ಬಿಡಲಿಲ್ಲ. "ನಿಮ್ಮ ಕಣ್ಣಿಗೆ ಊರಾಗ ಇರೋರೆಲ್ಲ ಕಳ್ಳರೇ," ಎನ್ನುತ್ತಾಳೆ ಹೆಂಡತಿ. ಒಬ್ಬ ಗೆಳೆಯರನ್ನು ಮಾತ್ರ ನಾನು ಎಂದೂ ಅನುಮಾನಿಸಿರಲಿಲ್ಲ.

ಅವರು ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿದ್ದವರು, ಗುತ್ತೂರಿನವರು. ನಿವೃತ್ತಿಯ ನಂತರ ನನ್ನ ಕೈಗೆ ಗಾಲ್ಫ್ ಕೋಲು ಕೊಟ್ಟವರೇ ಅವರು. ಕಾಲೊನಿಯ ಹಿಂದೆ, ಹೊಳೆಯ ದಿಕ್ಕಿಗೆ, ಹಿಂದಿನ ಅಧಿಕಾರಿಗಳು ಮಾಡಿಸಿದ ಆರು ಕುಳಿಗಳ ಮೈದಾನವಿದೆ. ಅಲ್ಲಿ ಹುಲ್ಲಿಗಿಂತ ಎಮ್ಮೆಗಳೇ ಜಾಸ್ತಿ. ದೂರ ಬರೆದ ಫಲಕ ಒಂದೂ ಇಲ್ಲ. ಗಾಲ್ಫಿನಲ್ಲಿ ಕುಳಿಗೆ ನೆಟ್ಟ ಬಾವುಟ ಎಷ್ಟು ಗಜ ದೂರ ಎಂಬುದರ ಮೇಲೆ ಕೋಲು ಆರಿಸಬೇಕು. ನನ್ನ ಏಳನೇ ನಂಬರಿನ ಕೋಲು ನೂರಾ ಮೂವತ್ತು ಗಜಕ್ಕೆ, ಒಂಬತ್ತನೆಯದು ನೂರಾ ಹತ್ತಕ್ಕೆ. ದೂರವನ್ನು ಈ ಗೆಳೆಯರು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಅವರು ಹೇಳುವುದು, ನಾನು ಹೊಡೆಯುವುದು.

ದಾವಣಗೆರೆಯಲ್ಲಿ ನನಗೆ ಹೃದಯದ ಆಪರೇಷನ್ ಆದಾಗ ಐಸಿಯು ಬಾಗಿಲಲ್ಲಿ ಕೂತಿದ್ದವರೂ ಅವರೇ, ಮತ್ತೆ ಮೈದಾನಕ್ಕೆ ಎಳೆತಂದವರೂ ಅವರೇ. ಮೊದಲ ದಿನ ಚೆಂಡು ಬಾವುಟ ಮುಟ್ಟಲಿಲ್ಲ. ಆಮೇಲೆ ನನ್ನ ಚೆಂಡು ಮೊದಲಿನಂತೆ ಬಾವುಟದ ಬುಡಕ್ಕೇ ಹೋಗಿ ಬೀಳತೊಡಗಿತು. ಮೈಯಲ್ಲಿ ಹಳೆಯ ಕಸುವು ಇನ್ನೂ ಇದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ಭಾನುವಾರ ಕಾರ್ಖಾನೆಗೆ ಹೊಸದಾಗಿ ಬಂದ ಇಂಜಿನಿಯರ್ ಒಬ್ಬರು ನಮ್ಮ ಜೊತೆ ಆಡಲು ಬಂದರು. ಹುಣಸೆಮರದ ಕೆಳಗೆ ನಮ್ಮಿಬ್ಬರ ಚೆಂಡುಗಳೂ ಅಕ್ಕಪಕ್ಕದಲ್ಲೇ ಬಿದ್ದಿದ್ದವು. ಗೆಳೆಯರು ನನಗೆ "ನೂರಾ ಮೂವತ್ತು" ಎಂದರು. ನಾನು ಹೊಡೆದು ಚೀಲದ ಕಡೆ ತಿರುಗಿದ್ದೇ ತಡ, ಇಂಜಿನಿಯರಿಗೆ ಮೆಲ್ಲಗೆ "ನೂರಾ ಹತ್ತು" ಎಂದರು. ನನ್ನ ಕಿವಿ ಚುರುಕು.

ಮನೆಗೆ ಬಂದರೆ ಊಟ ಸೇರಲಿಲ್ಲ. ನನ್ನನ್ನು ಸೋಲಿಸಲೆಂದೇ ಸುಳ್ಳು ಹೇಳುತ್ತಾರೆಯೇ? ಹಾಗಿದ್ದರೆ ಎಂದಿನಿಂದ? ನನ್ನ ಚೆಂಡು ಬಾವುಟದ ಬುಡಕ್ಕೇ ಬೀಳುತ್ತಿದೆಯಲ್ಲ ಎಂಬುದು ಆ ಹೊತ್ತಿಗೆ ತಲೆಗೇ ಬರಲಿಲ್ಲ. ಗಾಲ್ಫು ಹಾಳಾಗಿ ಹೋಗಲಿ. ಆಸ್ಪತ್ರೆಯ ಬಾಗಿಲು ಕಾದ ಮನುಷ್ಯನೇ ನನಗೆ ಮೋಸ ಮಾಡುತ್ತಿದ್ದರೆ, ನನಗೆ ಗೆಳೆಯರು ಅಂತ ಇನ್ನು ಯಾರೂ ಇಲ್ಲ. ಬಾಯಿಬಿಟ್ಟು ಕೇಳಲು ಧೈರ್ಯ ಸಾಲಲಿಲ್ಲ. ಅಳೆದು ಹಿಡಿಯಬೇಕು ಎಂದುಕೊಂಡೆ.

ಗಾಲ್ಫಿಗೆಂದೇ ಜಿಪಿಎಸ್ ವಾಚುಗಳು ಬರುತ್ತವೆ. ಫೋನಿನಲ್ಲಿ ಬೆಲೆ ನೋಡಿ ಕಣ್ಣಿಗೆ ಕತ್ತಲೆ ಬಂತು. ಅಗ್ಗದ್ದೂ ಒಂದು ಕಂಡಿತು. ಅದರ ಹೊಟ್ಟೆಯಲ್ಲಿ ಜಗತ್ತಿನ ಸಾವಿರಾರು ಮೈದಾನಗಳ ನಕ್ಷೆ ಇದೆಯಂತೆ. ಹುಡುಕಿದೆ, ಹರಿಹರ ಇರಲಿಲ್ಲ. ಅದನ್ನು ಹೊಗಳಿ ಬರೆದವರ ಮಾತುಗಳೂ ಒಬ್ಬನೇ ಕೂತು ಬರೆದ ಹಾಗಿದ್ದವು. ದಾವಣಗೆರೆಗೆ ಬಸ್ಸು ಹತ್ತಿದೆ. ವಾಚಿನ ಅಂಗಡಿಗಳಲ್ಲಿ ನನ್ನ ಮುಖ ನೋಡಿ ನಕ್ಕರು. ಕೊನೆಗೆ ಯಾರೋ ಕೃಷಿ ಯಂತ್ರಗಳ ಬಿಡಿಭಾಗ ಮಾರುವ ಸಾಹೇಬರೊಬ್ಬರ ಅಂಗಡಿ ತೋರಿಸಿದರು.

"ಗಾಲ್ಫು ಗೀಲ್ಫು ನನಗ ಗೊತ್ತಿಲ್ರಿ," ಎಂದರು ಸಾಹೇಬರು. "ಇದು ಎಕರೆ ಅಳಿಯೋ ಮಷೀನು. ಭತ್ತ ಕೊಯ್ಯೋ ಗಾಡಿಯವ್ರು ಒಯ್ತಾರ. ಹೊಲ ಸುತ್ತಿದ್ರೆ ಎಕರೆ ಹೇಳ್ತೈತೆ, ನೆಟ್ಟಗ ನಡದ್ರೆ ಅಡಿ ಹೇಳ್ತೈತೆ. ಭಾನುವಳ್ಳಿ ಕಡೆಯೋರೆಲ್ಲ ಇದನ್ನೇ ಇಟ್ಕಂಡಾರ."

"ಸುಳ್ಳು ತೋರ್ಸಿದ್ರೆ?" ಎಂದೆ.

"ಸುಳ್ಳು ತೋರ್ಸಿದ್ರೆ ರೈತ್ರು ನನ್ನ ಸುಮ್ನ ಬಿಡ್ತಾರೇನ್ರಿ?"

ಆದರೂ ನಂಬದೆ, ಹತ್ತಿರದ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಓಟದ ಗೆರೆಯ ಮೇಲೆ ನಡೆದು ನೋಡಿಯೇ ದುಡ್ಡು ಕೊಟ್ಟೆ. ಒಂದೆರಡು ಅಡಿ ಆಚೀಚೆ, ಅಷ್ಟೇ. ಅಷ್ಟು ಹೊತ್ತೂ ಸಾಹೇಬರು ಗೇಟಿನ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಮಷೀನು ಹಿಡಿದುಕೊಂಡು ಓಡಿಹೋದೇನು ಎಂಬ ಅನುಮಾನ ಅವರಿಗೆ.

ಮುಂದಿನ ಭಾನುವಾರ ನಾವಿಬ್ಬರೇ ಇದ್ದೆವು. ಹುಣಸೆಮರದ ಕೆಳಗೆ ಚೆಂಡು ನಿಂತಿತು. "ಎಷ್ಟಾಗ್ತೈತ್ರಿ?" ಎಂದೆ.

"ನೂರಾ ಮೂವತ್ತು," ಎಂದರು, ಒಂಚೂರೂ ತಡವರಿಸದೆ.

ಜೇಬಿನಿಂದ ಮಷೀನು ತೆಗೆದು, ಗುಂಡಿ ಒತ್ತಿ, ಬಾವುಟದ ಕಡೆ ನಡೆದೆ. "ಎಲ್ಲಿಗ್ ಹೊಂಟ್ರಿ?" ಎಂದು ಅವರು ಕೂಗಿದರೂ ತಿರುಗಲಿಲ್ಲ. ನೀರು ಬಿಡುತ್ತಿದ್ದ ಮಾಲಿ ಪೈಪು ಕೆಳಗಿಟ್ಟು, "ಇಲ್ಲೂ ಸೈಟ್ ಮಾಡ್ತಾರೇನ್ರಿ ಸಾರ್?" ಎಂದ. ಬಾವುಟ ಮುಟ್ಟಿದೆ. ಪರದೆಯ ಮೇಲಿನ ಅಡಿಗಳನ್ನು ಮೂರರಿಂದ ಭಾಗಿಸಿದೆ. ನೂರಾ ಹತ್ತು ಗಜ.

ಸಿಟ್ಟಿನಿಂದ ದಾಪುಗಾಲು ಹಾಕುತ್ತಾ ವಾಪಸ್ ಬಂದೆ. ಮಷೀನನ್ನು ಅವರ ಮುಖದ ಮುಂದೆ ಹಿಡಿದೆ. "ನೂರಾ ಹತ್ತು ಐತೆ. ಯಾಕ್ರಿ ಸುಳ್ಳು ಹೇಳ್ತೀರಿ ನನಗ?"

ಅವರು ಮಷೀನು ನೋಡಲೇ ಇಲ್ಲ. "ಹಂಗಾರೆ ನೂರಾ ಹತ್ತಕ್ಕೇ ಹೊಡೀರಿ," ಎಂದರು.

ಒಂಬತ್ತನೇ ನಂಬರಿನ ಕೋಲು ತೆಗೆದೆ. ಏಟು ಚೆನ್ನಾಗಿಯೇ ಬಿತ್ತು, ಸದ್ದಿನಲ್ಲೇ ಗೊತ್ತಾಯಿತು. ಆದರೆ ಚೆಂಡು ಬಾವುಟಕ್ಕಿಂತ ಇಪ್ಪತ್ತು ಗಜ ಈಚೆಗೇ ಮರಳಿನಲ್ಲಿ ಬಿತ್ತು. ಇನ್ನೊಂದು ಹೊಡೆದೆ. ಅದೂ ಅಲ್ಲೇ ಬಿತ್ತು.

"ಆಪರೇಷನ್ ಆದಮ್ಯಾಲೆ ನಿಮ್ಮ ಹೊಡೆತ ಗಿಡ್ಡ ಆಗೈತೆ," ಎಂದರು ಮೆಲ್ಲಗೆ. "ಮೊದಲ್ನೇ ದಿನ ಚೆಂಡು ಬಾವುಟ ಮುಟ್ಲಿಲ್ಲ ನೋಡ್ರಿ, ಅವತ್ತು ನಿಮ್ಮ ಮುಖ ನೋಡಿದ್ದೆ. ಇನ್ನ ಇವ್ರು ಆಡಕ್ಕ ಬರಲ್ಲ ಅನ್ನಿಸ್ತು. ಅದಕ್ಕ ಇಪ್ಪತ್ತು ಸೇರ್ಸಿ ಹೇಳ್ತಿದ್ದೆ. ನೀವು ದೂರ ಹೋಗೋ ಕೋಲು ತಗಂತಿದ್ರಿ, ಚೆಂಡು ಮುಟ್ತಿತ್ತು."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನನ್ನ ಕಸುವು ಅಂದುಕೊಂಡದ್ದು ಅವರ ಪ್ರೀತಿಯಾಗಿತ್ತು. ಮಷೀನನ್ನು ಆಫ್ ಮಾಡಿ ಚೀಲದ ತಳಕ್ಕೆ ತುರುಕಿದೆ. ಇಬ್ಬರೂ ಮುಂದಿನ ಕುಳಿಯ ಕಡೆ ನಡೆದೆವು. ಅಲ್ಲಿ ಚೆಂಡಿನ ಪಕ್ಕ ನಿಂತು, ಏನೂ ಆಗಿಯೇ ಇಲ್ಲವೆಂಬಂತೆ, "ಎಷ್ಟಾಗ್ತೈತ್ರಿ?" ಎಂದು ಕೇಳಿದೆ. ಇಪ್ಪತ್ತಲ್ಲ, ನಲವತ್ತು ಸೇರಿಸಿ ಹೇಳಿದರೂ ನಂಬಲು ತಯಾರಾಗಿದ್ದೆ.

ಅವರು ಹಣೆಗೆ ಕೈ ಅಡ್ಡ ಹಿಡಿದು ಬಾವುಟದ ಕಡೆ ಬಹಳ ಹೊತ್ತು ನೋಡಿದರು.

"ನನಗ ಗೊತ್ತಾಗಲ್ರಿ," ಎಂದರು. "ನೀವೇ ಅಳದು ನೋಡ್ರಿ."