ಗಣಿತದೊಳಕ್ಕೆ ಬಂದ ಮೊಸಳೆ

ಆ ಮೊಸಳೆಯನ್ನು ಗಣಿತದೊಳಕ್ಕೆ ಬಿಟ್ಟ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಆ ದಿನ ಕೈಗೆ ಸಿಕ್ಕಿದ್ದರೆ ಚೆನ್ನಾಗಿ ಉಗಿದು ಕಳಿಸುತ್ತಿದ್ದೆ.

ಮಗಳು ಆಗ ಎರಡನೇ ಕ್ಲಾಸು. ನಾವು ಕೂಟಗಲ್ ಕಡೆಯವರು, ರೇಷ್ಮೆ ಹುಳು ಸಾಕುವವರು. ಶಾಲೆ ರಾಮನಗರದಲ್ಲಿ. ಒಂದು ಸಂಜೆ ಅವಳ ಡೈರಿಯಲ್ಲಿ ಮಿಸ್ಸು ಕೆಂಪು ಪೆನ್ನಿನಲ್ಲಿ ಬರೆದು ಕಳಿಸಿದ್ದರು: ಹೆಚ್ಚು, ಕಡಿಮೆ ಚಿಹ್ನೆಗಳು ಎಷ್ಟು ಹೇಳಿಕೊಟ್ಟರೂ ಬರುತ್ತಿಲ್ಲ, ಮಗುವನ್ನು ಒಂದನೇ ಕ್ಲಾಸಿಗೆ ವಾಪಸ್ ಕೂರಿಸುತ್ತೇವೆ, ನಾಳೆ ಬಂದು ಕಾಣಿ.

ನೋಟ್‌ಬುಕ್ ತೆಗೆದು ನೋಡಿದೆ. 3 > 8. 5 > 9. ಹತ್ತಕ್ಕೆ ಹತ್ತೂ ತಪ್ಪು. ಮೈಯೆಲ್ಲ ಉರಿದುಹೋಯಿತು. ಬೆನ್ನಿಗೆ ಒಂದು ಬಿಟ್ಟೆ. ಅವಳು ಗೋಡೆಗೆ ಆತುಕೊಂಡು ಬಿಕ್ಕತೊಡಗಿದಳು.

"ಎಂಟು ದೊಡ್ದು ಅಂತ ಗೊತ್ತಿಲ್ವೇನೆ ನಿಂಗೆ?"

"ಗೊತ್ತು."

"ಮತ್ಯಾಕ್ ಹಿಂಗ್ ಬರ್ದೆ?"

"ಅದು ಮೊಸಳೆ ಬಾಯಂತೆ, ಹಸ್ಕಂಡೈತಂತೆ. ಮಿಸ್ಸು ಹೇಳುದ್ರು. ಹಸಿಯಾದು ಸಣ್ಣುದ್ಕೆ ಅಲ್ವೇನವ್ವ? ಅದ್ಕೇ ಸಣ್ಣುದ್ ಕಡೀಕೆ ಬಾಯಿ ಬುಡ್ಸಿವ್ನಿ."

ಹಸಿದ ಮೊಸಳೆ ದೊಡ್ಡ ಸಂಖ್ಯೆಯ ಕಡೆಗೇ ಬಾಯಿ ತೆರೆಯುತ್ತದೆ ಅನ್ನುವುದು ಮಿಸ್ಸಿನ ಪಾಠ; ಇವಳು ಸಣ್ಣದರ ಕಡೆ ತೆರೆಸಿದ್ದಳು. ನಮ್ಮ ಹುಳುಮನೆಯಲ್ಲಿ ನಡೆಯುವುದೇ ಹಾಗೆ. ಎಲ್ಲ ಹುಳುವೂ ಒಂದೇ ಸಮ ಬೆಳೆಯುವುದಿಲ್ಲ. ಹಿಂದೆ ಬಿದ್ದ ಸಣ್ಣವನ್ನು ಆರಿಸಿ ಬೇರೆ ತಟ್ಟೆಗೆ ಹಾಕುತ್ತೇವೆ, ಎಳೆ ಸೊಪ್ಪು ಮೊದಲು ಅವಕ್ಕೆ. ಇಲ್ಲದಿದ್ದರೆ ಅವು ಮಿಕ್ಕವುಗಳ ಜೊತೆ ಗೂಡು ಕಟ್ಟುವುದಿಲ್ಲ. ಆ ತಟ್ಟೆ ನೋಡಿಕೊಳ್ಳುವವಳು ಇವಳೇ. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಲ್ಲಿಗೆ ಓಡುತ್ತಾಳೆ. ಮೊಸಳೆಯನ್ನು ಕಂಡವಳಲ್ಲ. ಬಾಯಿ ಅಂದರೆ ಅವಳಿಗೆ ಹುಳುವಿನ ಬಾಯಿ, ಹಸಿವು ಅಂದರೆ ಸಣ್ಣ ಹುಳುವಿನ ಹಸಿವು. ಇಂಥ ಮಗುವನ್ನು ದಡ್ಡಿ ಅಂತ ಕೆಳಗಿನ ಕ್ಲಾಸಿಗೆ ತಳ್ಳುತ್ತಾರಂತೆ!

ಅಲ್ಲೇ ನೆಲದ ಮೇಲೆ ಈ ಕಡೆ ಮೂರು ಹಿಪ್ಪುನೇರಳೆ ಎಲೆ, ಆ ಕಡೆ ಎಂಟು ಎಲೆ ಇಟ್ಟೆ. ಸೊಪ್ಪು ಸುಲಿದ ಎರಡು ಕಡ್ಡಿ ತಂದು ನಡುವೆ ಮಲಗಿಸಿದೆ. ಎಂಟು ಎಲೆಯ ಕಡೆ ಕಡ್ಡಿಗಳನ್ನು ಅಗಲಿಸಿದೆ, ಮೂರು ಎಲೆಯ ಕಡೆ ತುದಿಗೆ ತುದಿ ಕೂಡಿಸಿದೆ.

"ಮೊಸಳೇನೂ ಇಲ್ಲ, ಯಾರಿಗೂ ಹಸಿವಿಲ್ಲ. ಜಾಸ್ತಿ ಇರೋ ಕಡೆ ಜಾಗ ಜಾಸ್ತಿ ಬೇಕು, ಅದ್ಕೆ ಅಗ್ಲ. ಕಮ್ಮಿ ಇರೋ ಕಡೆ ಚೂಪು. ಅಷ್ಟೇ ಕಣವ್ವ."

ಎಲೆಗಳನ್ನು ಅದಲು ಬದಲು ಮಾಡಿದೆ. ಅವಳೇ ಕಡ್ಡಿ ತಿರುಗಿಸಿದಳು. ನಾಲ್ಕನೇ ಸಲಕ್ಕೆ ಎಲೆ ಇಡುವ ಮೊದಲೇ ಕಡ್ಡಿ ಹಿಡಿದು ಕಾಯುತ್ತಿದ್ದಳು.

ಮಾರನೇ ದಿನ ಶಾಲೆಗೆ ಹೋದೆ. ರಾತ್ರಿಯೆಲ್ಲ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಗೇಟಿನಲ್ಲೇ ಕುದಿಯುತ್ತಿತ್ತು.

"ಕ್ಲಾಸಲ್ಲಿ ಎಲ್ಲರಿಗೂ ಅರ್ಥ ಆಗಿದೆ, ಇವಳೊಬ್ಬಳಿಗೇ ಆಗಿಲ್ಲ," ಅಂದರು ಮಿಸ್ಸು.

"ಯಾಕ್ ಹಿಂಗ್ ಬರ್ದೆ ಪುಟ್ಟಿ ಅಂತ ಒಂದ್ಸಲ, ಒಂದೇ ಒಂದ್ಸಲ ಕೇಳುದ್ರಾ ಮಿಸ್ಸೇ? ತಪ್ಪು ಅಂತ ಗೀಚೋಕೆ ನೀವೇ ಬೇಕಾ? ಕೆಂಪು ಪೆನ್ನು ಕೊಟ್ರೆ ನಾನೂ ಗೀಚ್ತೀನಿ. ಮಕ್ಳುನ್ನ ಕೇಳ್ಬೇಕು, ಕೇಳ್ದಂಗೆ ಹಣೆಬರ ಬರ್ದು ಕಳ್ಸಾದಲ್ಲ!"

ಪಕ್ಕದ ಕೋಣೆಯ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತರು. ಮಿಸ್ಸಿನ ಮುಖ ಕೆಂಪಾಯಿತು. ಈಗಲೇ ಪರೀಕ್ಷೆ ಮಾಡಿ ಅಂತ ನಾನೇ ಸೀಮೆಸುಣ್ಣ ತೆಗೆದುಕೊಟ್ಟೆ. ಅವರು ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದರು. ಮಗಳು ತುದಿಗಾಲಲ್ಲಿ ನಿಂತು ಹತ್ತಕ್ಕೂ ಚಿಹ್ನೆ ಹಾಕಿದಳು. ಒಂದೂ ತಪ್ಪಿರಲಿಲ್ಲ.

"ಸರಿ, ಎರಡನೇ ಕ್ಲಾಸಲ್ಲೇ ಇರಲಿ ಬಿಡಿ," ಅಂದರು ಮಿಸ್ಸು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆದ್ದವಳ ಹಾಗೆ ನಿಂತಿದ್ದೆ. ಅವರು ಬಗ್ಗಿ ಮಗಳ ಗಲ್ಲ ಹಿಡಿದು, "ಎಷ್ಟು ಚೆನ್ನಾಗಿ ಮಾಡಿದೆ! ಯಾರು ಹೇಳಿಕೊಟ್ಟಿದ್ದು?" ಅಂದರು.

"ನಮ್ಮವ್ವ," ಅಂದಳು. "ಮೊದ್ಲು ಹೊಡುದ್ಲು. ಆಮೇಲೆ ಕೇಳುದ್ಲು."

ಮಿಸ್ಸು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.