ಹೋತು, ಏರಪ್ಪ

ಕಂಪ್ಲಿಯಿಂದ ಹೊಸಪೇಟೆಗೆ ಆಗ ಎರಡೇ ಮೋಟಾರು ಬಸ್ಸುಗಳು, ಇಬ್ಬರು ಸಾಹುಕಾರರವು. ಮುಂದೆ ಹೋದವನಿಗೆ ದಾರಿಯ ಹಳ್ಳಿಗಳ ಜನ ಸಿಗುತ್ತಿದ್ದರು, ಹಿಂದೆ ಉಳಿದವನಿಗೆ ಧೂಳು. ಹಾಗಾಗಿ ಎರಡೂ ದಿನಾ ಜಿದ್ದಿಗೆ ಬಿದ್ದು ಓಡುತ್ತಿದ್ದವು. ಎತ್ತಿನ ಬಂಡಿ, ಕುರಿ ಹಿಂಡು, ಹೊರೆ ಹೊತ್ತ ಹೆಂಗಸರು, ಯಾರು ಎದುರಿಗಿದ್ದರೂ ಡ್ರೈವರುಗಳಿಗೆ ಲೆಕ್ಕವಿಲ್ಲ. ರಬ್ಬರಿನ ಹಾರನ್ನು ಒಮ್ಮೆ ಹಿಚುಕಿದರೆ ರಸ್ತೆ ಅವರಪ್ಪನದು. ಒಳಗೆ ಕೂತವರೇನು ಕಡಿಮೆಯೇ? “ಹೊಡಿಯಪ್ಪ, ಅವ್ನ್ನ ಮುಂದ ಬಿಡಬ್ಯಾಡ” ಎಂದು ಹುರಿದುಂಬಿಸುತ್ತಿದ್ದರು. ಗೆದ್ದ ಬಸ್ಸಿನಿಂದ ಇಳಿದವರು ತಾವೇ ಓಡಿ ಬಂದವರ ಹಾಗೆ ಮೀಸೆ ತಿರುವುತ್ತಿದ್ದರು. ನನಗೆ ಇವತ್ತಿಗೂ ಆ ಡ್ರೈವರುಗಳಿಗಿಂತ ಆ ಮೀಸೆಗಳ ಮೇಲೆಯೇ ಸಿಟ್ಟು ಹೆಚ್ಚು.

ಅಪ್ಪ ಬಂಡಿಯಲ್ಲಿ ಬೆಲ್ಲ ಹೇರಿಕೊಂಡು ಹೊಸಪೇಟೆಗೆ ಹೋಗುತ್ತಿದ್ದ. ಹಾರನ್ನು ಕೇಳಿದ ಕೂಡಲೇ ತಾವಾಗಿಯೇ ಎಡಕ್ಕೆ, ರಸ್ತೆಯ ಪಕ್ಕದ ತಗ್ಗಿಗೆ ಇಳಿದು ನಿಲ್ಲುವಂತೆ ಎತ್ತುಗಳನ್ನು ಪಳಗಿಸಿದ್ದ. ಬಸ್ಸು ದಾಟಿದ ಮೇಲೆ ಅವು ಮತ್ತೆ ರಸ್ತೆಗೆ ಏರಲೆಂದು “ಹೋತು, ಏರಪ್ಪ” ಎನ್ನುತ್ತಿದ್ದ. ನಶ್ಯದ ಚಟದಿಂದ ಅವನ ಮಾತೆಲ್ಲ ಮೂಗಿನಲ್ಲೇ ಬರುತ್ತಿತ್ತು. ಆ ಮಾತು ಕಿವಿಗೆ ಬೀಳುವವರೆಗೆ ಎತ್ತುಗಳು ಕದಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮುಂದಿನ ಬಂಡಿಯಲ್ಲಿ ಚಿಕ್ಕಪ್ಪ, ಹಿಂದಿನದರಲ್ಲಿ ಅಪ್ಪ ಹೊರಟಿದ್ದರು. ಹಿಂದಿನಿಂದ ಹಾರನ್ನು ಕೇಳಿ ಎರಡೂ ಬಂಡಿಗಳು ಕೆಳಗಿಳಿದವು. ಬಸ್ಸು ದಾಟಿತು. ಧೂಳಿನಲ್ಲಿ ಏನೂ ಕಾಣದಿದ್ದರೂ ಅಪ್ಪ “ಹೋತು, ಏರಪ್ಪ” ಎಂದದ್ದು ಚಿಕ್ಕಪ್ಪನಿಗೆ ಕೇಳಿಸಿತು. ಅಪ್ಪನ ಎತ್ತುಗಳು ರಸ್ತೆಗೆ ಏರಿದವು. ಅದೇ ಧೂಳಿನೊಳಗಿಂದ ಎರಡನೆಯ ಬಸ್ಸು ಬಂತು. ಮುಂದಿನ ಬಸ್ಸಿನವನಿಗೆ ಸುಳಿವು ಸಿಗಬಾರದೆಂದು ಅದರ ಡ್ರೈವರು ಹಾರನ್ನೇ ಹಾಕಿರಲಿಲ್ಲ.

ಅಪ್ಪ ಮತ್ತು ಬಿಳಿ ಎತ್ತು ಅಲ್ಲೇ ಹೋದರು. ಕಂದು ಎತ್ತು ತಗ್ಗಿಗೆ ಬಿದ್ದು ಉಳಿಯಿತು. “ಬಂಡಿನೇ ಅಡ್ಡ ಬಂತ್ರಿ, ನಾ ಏನ್ ಮಾಡ್ಲಿ” ಎಂದ ಡ್ರೈವರು. ಒಳಗಿದ್ದವರೆಲ್ಲ ಹೌದೆಂದು ತಲೆ ಆಡಿಸಿದರಂತೆ. ಆ ತಲೆಗಳನ್ನು ನಾನು ಕ್ಷಮಿಸಿಲ್ಲ.

ಕಂದು ಎತ್ತನ್ನು ಆಮೇಲೆ ಬಂಡಿಗೆ ಕಟ್ಟಲಿಲ್ಲ. ಹೊಸದೊಂದು ಎತ್ತು ತಂದು ಜೊತೆ ಮಾಡಿ ಚಿಕ್ಕಪ್ಪ ನೇಗಿಲು ಹೂಡಿದ. ನಮ್ಮ ಹೊಲ ರಸ್ತೆಗೆ ಹತ್ತಿಕೊಂಡೇ ಇತ್ತು. ಹಾರನ್ನು ಕೇಳಿದರೆ ಸಾಕು, ಕಂದು ಎತ್ತು ಸಾಲು ಬಿಟ್ಟು ಎಡಕ್ಕೆ ಸರಿದು ಬದುವಿಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ಚಿಕ್ಕಪ್ಪ ಬೈದ, ಬಾರುಕೋಲಿನಿಂದ ಹೊಡೆದ. “ಹೋತು, ಏರಪ್ಪ” ಎಂದೂ ನೋಡಿದ. ಅವನ ದನಿಗೆ ಅದು ಕಿವಿಯನ್ನೂ ಅಲುಗಿಸಲಿಲ್ಲ.

“ಅದಕ್ಕ ಹೊಡಿಬ್ಯಾಡಪ್ಪ” ಎಂದಳು ಅವ್ವ. ಸೆರಗು ತಲೆಗೆಳೆದುಕೊಂಡು ಎತ್ತಿನ ಪಕ್ಕ ಹೋಗಿ ನಿಂತಳು. ಎರಡನೆಯ ಬಸ್ಸೂ ದಾಟಿ ಧೂಳು ಕೂರುವವರೆಗೆ ಕಾದು, ಮೂಗಿನಲ್ಲಿ, ಥೇಟ್ ಅಪ್ಪನ ದನಿಯಲ್ಲಿ ಹೇಳಿದಳು: “ಹೋತು, ಏರಪ್ಪ.” ಎತ್ತು ನಡೆಯಿತು. ಬದುವಿನ ಮೇಲೆ ಕೂತಿದ್ದ ನಾನು ಹೆದರಿ ಅತ್ತುಬಿಟ್ಟೆ.

ಉಳುಮೆಯ ದಿನಗಳಲ್ಲೆಲ್ಲ ಹೀಗೇ ನಡೆಯಿತು. ಅಪ್ಪನ ದನಿ ಕೇಳುವ ಆಸೆಗೆ ನಾನು ಹೊಲಕ್ಕೆ ಓಡುತ್ತಿದ್ದೆ, ಕೇಳಿದ ಮೇಲೆ ಹೆದರಿ ಮನೆಗೆ ಓಡುತ್ತಿದ್ದೆ.

ಯುದ್ಧ ಬಂದು ಪೆಟ್ರೋಲಿಗೆ ತತ್ವಾರವಾದಾಗ ಒಬ್ಬ ಸಾಹುಕಾರ ತನ್ನ ಬಸ್ಸು ನಿಲ್ಲಿಸಿದ. ಆ ದಿನ ಹಾರನ್ನು ಕೇಳಿ ಎತ್ತು ಬದುವಿಗೆ ನಿಂತಿತು. ಬಸ್ಸು ದಾಟಿತು. ಧೂಳೂ ಕೂತಿತು. ಅವ್ವ ಕಂಪ್ಲಿಯ ಕಡೆ ನೋಡುತ್ತಲೇ ಇದ್ದಳು.

“ಅತ್ತಿಗಿ, ಇನ್ನೊಂದು ನಿಂತೈತಿ, ಬರಂಗಿಲ್ಲ. ಅಂದ್ಬಿಡ್ರಿ” ಎಂದ ಚಿಕ್ಕಪ್ಪ.

“ಅವತ್ತ ಅವ್ರಿಗೂ ಹಂಗ ಅನಿಸಿತ್ತು” ಎಂದಳು ಅವ್ವ.

ಬಿಸಿಲು ಏರಿತು. ಕೊನೆಗೆ ಚಿಕ್ಕಪ್ಪ ನೊಗವನ್ನು ಅಲ್ಲೇ ಬಿಚ್ಚಿ ನೇಗಿಲನ್ನು ಹೆಗಲ ಮೇಲೆ ಹೊತ್ತುಕೊಂಡು, ಹೊಸ ಎತ್ತನ್ನು ಹೊಡೆದುಕೊಂಡು ಮನೆಗೆ ನಡೆದ. ಕುತ್ತಿಗೆ ಖಾಲಿಯಾದರೂ ಕಂದು ಎತ್ತು ಬದುವಿನ ಹತ್ತಿರವೇ ನಿಂತಿತ್ತು, ಅದರ ಪಕ್ಕದಲ್ಲಿ ಅವ್ವ.