ಜಿನ್ನಿನೊಳಗಿನ ಕೊತ್ತಂಬರಿ

ಒಳ್ಳೆಯ ಜಿನ್ ಯಾವುದು ಎಂದು ನನ್ನನ್ನು ಕೇಳುವವರು ನಮ್ಮ ಜತ್ತ ತಾಲೂಕಿನಲ್ಲಿ ಯಾರೂ ಇಲ್ಲ. ಕೊರಳಲ್ಲಿ ಲಿಂಗ, ತಲೆಯ ಮೇಲೆ ಸೆರಗು, ಸೀರೆಯ ತುಂಬ ಮೆಣಸಿನಕಾಯಿ ಪುಡಿ. ಖಾರ ಕುಟ್ಟುವ ಗಿರಣಿಯ ಹೆಂಗಸನ್ನು ನೋಡಿದವರಿಗೆ ಈ ಸಲ ಬ್ಯಾಡಗಿ ಮೆಣಸಿನಕಾಯಿ ಹೇಗಿದೆ, ಸಂಕೇಶ್ವರಿ ಹೇಗಿದೆ ಎಂದು ಕೇಳಬೇಕೆನಿಸುತ್ತದೆಯೇ ಹೊರತು ಜಿನ್ನಿನ ಮಾತು ಹೊಳೆಯುವುದಿಲ್ಲ. ಕೇಳದಿದ್ದರೇನಂತೆ, ನಾನೇ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಹಟ ಸ್ವಲ್ಪ ಜಾಸ್ತಿ.

ಎರಡು ಹನಿ ಅಂಗೈಗೆ ಹಾಕಿಕೊಂಡು ತಿಕ್ಕಿ ಮೂಗಿಗೆ ಹಿಡಿಯಬೇಕು. ಮೊದಲೇ ಘಾಟು ಹೊಡೆದು ಕಣ್ಣಲ್ಲಿ ನೀರು ಬಂದರೆ ಆ ಬಾಟಲಿಯನ್ನು ತಂದವರಿಗೇ ವಾಪಸು ಕೊಡಿ. ವಾಸನೆ ಮುಂದೆ ಬಂದು, ಘಾಟು ಹಿಂದೆ ಎಲ್ಲೋ ನಿಂತಿದ್ದರೆ ಇಟ್ಟುಕೊಳ್ಳಿ. ಜುನಿಪರ್ ಎಂಬ ಬೆಟ್ಟದ ಗಿಡದ ಕಾಯಿ ಇಲ್ಲದೆ ಜಿನ್ ಆಗುವುದಿಲ್ಲ. ಅದರ ಬೆನ್ನಿಗೆ ನಿಂಬೆಯ ಸಿಪ್ಪೆ ಇರಬೇಕು, ಕೊತ್ತಂಬರಿ ಕಾಳು ಇರಬೇಕು. ಒಂದು ಇನ್ನೊಂದರ ಮೈಮೇಲೆ ಬೀಳಬಾರದು. ಬಾಟಲಿಯ ಮೇಲಿನ ಹೂವಿನ ಚಿತ್ರ, ಗುಲಾಬಿ ಬಣ್ಣ, ನೀಲಿ ಬಣ್ಣ ನೋಡಿ ಮರುಳಾಗಬೇಡಿ. ಬಣ್ಣ ನೋಡಿ ಖಾರದ ಪುಡಿ ಕೊಂಡವರ ಗತಿ ಏನಾಗುತ್ತದೆಂದು ನನಗೆ ಗೊತ್ತು.

ಕುಡಿಯುವುದು ನಮ್ಮ ಮನೆಯಲ್ಲಲ್ಲ, ತಿಕೋಂಡಿಯಲ್ಲಿ, ನನ್ನ ಅಣ್ಣನ ಅಂಗಳದಲ್ಲಿ. ಅವನು ಮಿಲಿಟರಿಯಲ್ಲಿದ್ದವನು. ಸಾಹೇಬರ ಮೆಸ್ಸಿನಲ್ಲಿ ವರ್ಷಗಟ್ಟಲೆ ಗ್ಲಾಸು ತುಂಬಿಸಿದ ಕೈ. ಸಂಜೆ ಬಿಸಿಲು ಇಳಿದ ಮೇಲೆ ಒಂದು ಗ್ಲಾಸು, ಅಷ್ಟೇ. ಸಣ್ಣ ಸಣ್ಣ ಐಸಿನ ತುಂಡು ಹಾಕಿದರೆ ಬೇಗ ಕರಗಿ ಎಲ್ಲ ನೀರಾಗುತ್ತದೆ ಎಂದು ಅವನು ಸ್ಟೀಲ್ ಬಟ್ಟಲಲ್ಲಿ ದೊಡ್ಡ ಗಡ್ಡೆಯನ್ನೇ ಕಟ್ಟಿಸುತ್ತಾನೆ. ವಿಜಯಪುರದಿಂದ ಟಾನಿಕ್ ನೀರು ಬಂದಿದ್ದರೆ ಅದು, ಅದರ ಕಹಿ ಜಿನ್ನಿಗೆ ಚೆನ್ನಾಗಿ ಹೊಂದುತ್ತದೆ. ಇಲ್ಲದಿದ್ದರೆ ಸೋಡಾ, ಒಂದು ಹೋಳು ನಿಂಬೆ, ಚಿಟಿಕೆ ಕರಿ ಉಪ್ಪು. ದಾಳಿಂಬೆಯ ಕಾಲದಲ್ಲಿ ಅಣ್ಣನ ಹೆಂಡತಿ, ನನ್ನ ವೈನಿ, ಒಂದು ಮುಷ್ಟಿ ಕಾಳು ಹಿಂಡಿ ಕೊಡುತ್ತಾರೆ. ಅದನ್ನು ಹಾಕಿದ ದಿನ ನಾನು ಗ್ಲಾಸಿಗೆ ಬೇರೆ ಏನನ್ನೂ ಕೇಳುವುದಿಲ್ಲ. ಒಮ್ಮೆ ಅಣ್ಣನ ಸ್ನೇಹಿತರೊಬ್ಬರು ನನ್ನ ಕಣ್ಣೆದುರೇ ಜಿನ್ನಿಗೆ ಕೋಲಾ ಸುರಿದರು. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಮುಖದ ಮೇಲೆಯೇ ಅಂದೆ. ಅವರು ಆಮೇಲೆ ಬಂದಿಲ್ಲ. ಬಾರದಿದ್ದರೆ ಬೇಡ.

ಲಿಂಗ ಕಟ್ಟಿಕೊಂಡವಳು ಇದೇನು ಎಂದು ಕೇಳುವವರು ಕೇಳಲಿ. ಅದು ನನಗೂ ಲಿಂಗಕ್ಕೂ ಬಿಟ್ಟ ಮಾತು. ಆದರೆ ಈ ರುಚಿ ನನಗೆ ಶೋಕಿಗೆ ಹತ್ತಿದ್ದಲ್ಲ. ಹೋದ ಮೂಗನ್ನು ಹುಡುಕಿಕೊಂಡು ಹೋದಾಗ ದಾರಿಯಲ್ಲಿ ಸಿಕ್ಕಿದ್ದು.

ನಮ್ಮ ಗಿರಣಿಯಲ್ಲಿ ಮೆಷಿನ್ ನನ್ನ ಗಂಡನದು, ಮೂಗು ನನ್ನದು. ಬೇಸಿಗೆ ಬಂತೆಂದರೆ ಸೊರಡಿ, ಶೇಗಾಂವ ಕಡೆಯಿಂದ ಹೆಣ್ಣುಮಕ್ಕಳು ವರ್ಷದ ಖಾರ ಮಾಡಿಸಲು ಬರುತ್ತಾರೆ. ಮೆಣಸಿನಕಾಯಿ, ಕೊತ್ತಂಬರಿ ಕಾಳು, ಲವಂಗ, ಒಣಕೊಬ್ಬರಿ, ಬೆಳ್ಳುಳ್ಳಿ, ಎಲ್ಲ ಅವರದೇ. ಮಸಾಲೆ ಹುರಿದುಕೊಡುವುದು ನಾನು. ಕಾಳು ಎಷ್ಟು ಹುರಿಯಬೇಕು, ಯಾವಾಗ ಇಳಿಸಬೇಕು ಎನ್ನುವುದು ಕಣ್ಣಿಗೆ ತಿಳಿಯುವುದಿಲ್ಲ. ಬಣ್ಣ ತಿರುಗುವ ಮೊದಲೇ ವಾಸನೆ ತಿರುಗುತ್ತದೆ. ಆ ಗಳಿಗೆ ತಪ್ಪಿದರೆ ಒಂದು ಮನೆಯ ವರ್ಷದ ಸಾರು ಕೆಟ್ಟಿತೆಂದೇ ಲೆಕ್ಕ.

ಇದನ್ನು ನನಗೆ ಕಲಿಸಿದವರು ಅತ್ತೆ. ಸುತ್ತ ಹತ್ತು ಊರಿಗೆ ಹೆಸರಾದ ಮೂಗು ಅವರದು. ವಯಸ್ಸಾದ ಮೇಲೆ ಆ ಮೂಗು ಮಂದವಾಗುತ್ತ ಬಂದು ಕೊನೆಗೆ ಪೂರ್ತಿ ನಿಂತುಹೋಯಿತು. ಆಗ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಪ್ರತಿ ಮನೆಯ ಖಾರ ಕುಟ್ಟಿ ಮುಗಿದ ಮೇಲೆ ನಾನು ಗಿರಣಿಯ ಹಿತ್ತಲಿನಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಅವರ ಪಕ್ಕ ಕೂತು ವಾಸನೆಯನ್ನು ಬಾಯಿಂದ ಹೇಳಬೇಕು. "ಲವಂಗ ಮುಂದ ಬಂದೈತ್ರಿ ಅತ್ತಿ, ಬೆಳ್ಳೊಳ್ಳಿ ಹಿಂದ ಬಿದ್ದೈತಿ, ಕೊಬ್ರಿ ಸ್ವಲ್ಪ ಹಳೇದೈತಿ." ಅವರು ಕಣ್ಣು ಮುಚ್ಚಿ ಕೇಳುವರು. ಕೇಳಿ, ಹೂಂ, ಬಂತು, ಎನ್ನುವರು. ಅವರಿಗೆ ನಿಜವಾಗಿ ಬರುತ್ತಿತ್ತು, ನನಗೆ ಸಂಶಯವಿಲ್ಲ.

ಕರೋನಾದ ಎರಡನೆಯ ಸುತ್ತಿನಲ್ಲಿ ನನಗೆ ಜ್ವರ ಬಂತು, ಹೋಯಿತು. ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಎಲ್ಲರಿಗೂ ವಾರ ಹದಿನೈದು ದಿನಕ್ಕೆ ತಿರುಗಿ ಬಂತು, ನನಗೆ ಬರಲಿಲ್ಲ. ಮೆಣಸಿನಕಾಯಿ ಕುಟ್ಟಿದರೆ ಸೀನು ಬರುತ್ತಿತ್ತು, ಕಣ್ಣು ಉರಿಯುತ್ತಿತ್ತು. ಘಾಟು ಇತ್ತು, ವಾಸನೆ ಇರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತರೆ ಮಲ್ಲಿಗೆಯೂ ಒಂದೇ, ಕಾಗದವೂ ಒಂದೇ. ಊಟ ಮಾಡುವುದೆಂದರೆ ಬೆಚ್ಚಗಿನ ಹಿಟ್ಟನ್ನು ನುಂಗುವುದು. ಗಂಡ ದಿನಾ ಬೆಳಿಗ್ಗೆ ಬಂತೇನ, ಬಂತೇನ ಎಂದು ಕೇಳಿ ಕೇಳಿ ನನ್ನಿಂದ ಬೈಸಿಕೊಂಡ.

ಖಾರದ ಸುಗ್ಗಿ ಬಂದಾಗ, ಇಪ್ಪತ್ತೈದು ವರ್ಷದ ಕೈ ಅಭ್ಯಾಸವಿದೆ, ಮೂಗಿಲ್ಲದಿದ್ದರೂ ನಡೆಯುತ್ತದೆ ಎಂದುಕೊಂಡು ಬಾಣಲೆಯ ಮುಂದೆ ಕೂತೆ. ಶೇಗಾಂವದ ಒಬ್ಬಾಕೆಯ ಕೊತ್ತಂಬರಿ ಕಾಳು ಹುರಿಯುತ್ತಿದ್ದೆ. ಹೊರಗೆ ಕೂತಿದ್ದ ಆಕೆ ಒಮ್ಮೆಲೇ ಎದ್ದು ಓಡಿಬಂದಳು.

"ಅಯ್ಯ ಅಕ್ಕಾರ, ಇಳಸ್ರಿ ಇಳಸ್ರಿ! ಹೊತ್ತಿ ಹೊಂಟಾವ!"

ಇಳಿಸಿದೆ. ಅಷ್ಟರಲ್ಲಿ ಕಾಳು ಕಪ್ಪಾಗಿತ್ತು. ಹೊಗೆಯ ನಡುವೆ ಕೂತವಳಿಗೆ ಹೊಗೆಯ ವಾಸನೆ ಗೊತ್ತಾಗಿರಲಿಲ್ಲ. ಆಕೆ ಜಗಳ ತೆಗೆದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಆಕೆ ಜಗಳ ತೆಗೆಯಲಿಲ್ಲ. ನನ್ನ ಪಕ್ಕಕ್ಕೆ ಒಂದು ಮಣೆ ಎಳೆದುಕೊಂಡು ಕೂತು, "ನೀವು ಕೈ ಆಡಸ್ರಿ, ನಾ ವಾಸನಿ ನೋಡ್ತೀನಿ," ಎಂದಳು. ಆ ಸುಗ್ಗಿ ಪೂರ್ತಿ ಹಾಗೆಯೇ ನಡೆಯಿತು. ಬಂದ ಹೆಣ್ಣುಮಕ್ಕಳು ತಮ್ಮ ತಮ್ಮ ಸರದಿಯಲ್ಲಿ ನನಗೆ ಮೂಗಾದರು. ಅವರ ಋಣ ನನ್ನ ಮೇಲಿದೆ, ತೀರಿಸುವುದಕ್ಕೆ ಆಗುವಂಥದ್ದಲ್ಲ, ತೀರಿಸುವ ಮನಸ್ಸೂ ಇಲ್ಲ.

ಆದರೆ ಅತ್ತೆ ಹೊರಸಿನ ಮೇಲೆ ಒಬ್ಬರೇ ಕೂತಿರುತ್ತಿದ್ದರು. ವಾಸನೆ ಹೇಗಿದೆ ಎಂದು ಕೇಳುವುದನ್ನು ಬಿಟ್ಟುಬಿಟ್ಟರು. ನನಗೆ ನೋವಾಗುತ್ತದೆ ಎಂದು ಅವರು ಕೇಳಲಿಲ್ಲ, ಅವರಿಗೆ ನೋವಾಗುತ್ತದೆ ಎಂದು ನಾನು ಹತ್ತಿರ ಹೋಗಲಿಲ್ಲ. ನನ್ನ ಮೂಗು ಹೋದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಕೊಂದಿತು. ನನ್ನದು ಹೋಗಿದ್ದರಿಂದ ಅವರದು ಎರಡನೆಯ ಸಲ ಹೋಗಿತ್ತು.

ಮಿರಜಿನ ಡಾಕ್ಟರರು ಗುಳಿಗೆ ಕೊಡಲಿಲ್ಲ. ದಿನಕ್ಕೆರಡು ಸಲ ಲವಂಗ, ನಿಂಬೆ ಮುಂತಾದವನ್ನು ಮೂಸುತ್ತಾ ಇರಿ, ಮೂಗಿಗೆ ಮತ್ತೆ ಶಾಲೆ ಕಲಿಸಿದ ಹಾಗೆ, ಬಂದರೆ ಬರುತ್ತದೆ ಎಂದರು. ಲವಂಗ ಮೂಸಿದೆ, ಏಲಕ್ಕಿ ಮೂಸಿದೆ, ಮಸಾಲೆಯ ಡಬ್ಬಿಯನ್ನೇ ಮೂಸಿದೆ. ಎಲ್ಲ ಗೋಡೆ ಮೂಸಿದ ಹಾಗೆ. ಬೇಸತ್ತು ಬಿಡುವ ಹೊತ್ತಿಗೆ ಅಣ್ಣ ಮಿಲಿಟರಿ ಕ್ಯಾಂಟೀನಿನ ಚೀಲ ಹಿಡಿದುಕೊಂಡು ಬಂದ. ಗಿರಣಿಯ ಕಟ್ಟೆಯ ಮೇಲೆ ಒಂದು ಬಾಟಲಿ ಇಟ್ಟ. ನೀರಿನ ಹಾಗೆ ತಿಳಿಯಾಗಿತ್ತು.

"ಜಿನ್ ಐತಿ ಇದು. ಮೂಸು. ಇದ್ರಾಗ ಹತ್ತ ನಮೂನಿ ಕಾಯಿ, ಕಾಳು, ಬೇರು, ಸಿಪ್ಪಿ ಹಾಕಿರ್ತಾರ. ಸ್ಪಿರಿಟ್ ವಾಸನಿನ್ನ ಎತ್ತಿ ಮ್ಯಾಲ ಒಯ್ತೈತಿ. ಒಂದಾದ್ರೂ ಹತ್ತೂದಿಲ್ಲೇನು ನಿನ್ನ ಮೂಗಿಗೆ?"

ಅತ್ತೆ ಹೊರಸಿನ ಮೇಲಿಂದಲೇ ಕೇಳಿದರು. "ಏನ್ ತಮ್ಮಾ ಅದು? ಸೆರೆ ಏನು?"

"ಹೌದ್ರಿ ಅವ್ವಾರ." ಅಣ್ಣ ಸುಳ್ಳು ಹೇಳುವವನಲ್ಲ.

"ಲಿಂಗಕ್ಕ ತೋರ್ಸದ ನಾವು ಏನೂ ಬಾಯಾಗ ಇಡಂಗಿಲ್ಲ. ಇದನ್ನ ಹೆಂಗ ತೋರ್ಸ್ತಾಳ ಅಕಿ?"

"ಬಾಯಾಗ ಇಡೂದ ಬ್ಯಾಡ್ರೀ. ಮೂಗಿನ ಮುಂದ ಹಿಡೀಲಿ ಅಷ್ಟ."

ನಾನು ಬಾಟಲಿಯನ್ನು ಅಣ್ಣನ ಕೈಗೆ ವಾಪಸು ಕೊಡುವುದರಲ್ಲಿದ್ದೆ. ಆಗ ಅವರು, "ಮನ್ಯಾಗ ತರಬ್ಯಾಡ್ರಿ. ಗಿರಣ್ಯಾಗ ಇರ್ಲಿ," ಎಂದರು. ಅಷ್ಟು ಹೇಳಲು ಅವರು ಎಂಬತ್ತು ವರ್ಷದ ಮಡಿಯನ್ನು ಎಷ್ಟು ದೂರ ಸರಿಸಬೇಕಾಯಿತೋ ನನಗೆ ಗೊತ್ತು.

ಹೀಗೆ ಜಿನ್ ಗಿರಣಿಯಲ್ಲಿ ಉಳಿಯಿತು. ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ, ಅಂಗೈಯಲ್ಲಿ. ಮೊದಲ ಬಾಟಲಿ ಬರೀ ಘಾಟು. ನನ್ನ ಮೂಗಿನದೇ ತಪ್ಪು ಎಂದುಕೊಂಡರೆ ಅಣ್ಣ ತಾನೂ ಮೂಸಿ ಮುಖ ಕಿವುಚಿದ. "ಇದು ನಿನ್ನ ಮೂಗಿನ ತಪ್ಪಲ್ಲ ಬಿಡ. ಹಲ್ಕಾ ಮಾಲ್ ಐತಿ," ಎಂದು ಅದನ್ನು ಒಯ್ದು ಬೇರೆಯದನ್ನು ತಂದ. ಅದೂ ಸರಿಬರದೆ ಇನ್ನೊಂದು. ಸಾಂಗ್ಲಿಗೆ ಹೋದಾಗ ಒಂದು, ವಿಜಯಪುರಕ್ಕೆ ಹೋದಾಗ ಒಂದು. ತನಗೆ ಕುಡಿಯಲು ತರುವವನು ಇಷ್ಟು ಹುಡುಕುವುದಿಲ್ಲ, ಸಿಕ್ಕಿದ್ದನ್ನು ಕುಡಿಯುತ್ತಾನೆ. ತಂಗಿ ಮೂಸಲೆಂದು ಅಂಗಡಿ ಅಂಗಡಿ ತಿರುಗಿದ ಅಣ್ಣನನ್ನು ಪಡೆಯಲು ನಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ. ಅವನ ಮುಂದೆ ಇದನ್ನು ಹೇಳಿದರೆ "ಏ ಹುಚ್ಚಿ, ಸುಮ್ಮ ಕುಂದ್ರ," ಎನ್ನುತ್ತಾನೆ.

ಮುಂದಿನ ಸುಗ್ಗಿ ಹತ್ತಿರ ಬಂದಿತ್ತು. ಸಂಜೆ, ಬೇವಿನ ಕೆಳಗೆ ಅತ್ತೆಯ ಹೊರಸು. ಅಣ್ಣ ಹೊಸ ಬಾಟಲಿಯ ಮುಚ್ಚಳ ತೆಗೆದು ನನ್ನ ಅಂಗೈಗೆ ಎರಡು ಹನಿ ಬಿಟ್ಟ. ತಿಕ್ಕಿದೆ, ಮೂಗಿಗೆ ಹಿಡಿದೆ. ಘಾಟು ಬರಲಿಲ್ಲ. ಅದರ ಜಾಗದಲ್ಲಿ ಏನೋ ಒಂದು ಸರಿದುಹೋಯಿತು. ಭ್ರಮೆ ಇರಬೇಕೆಂದು ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹಿಡಿದೆ. ಮತ್ತೆ ಬಂತು.

"ಅಣ್ಣಾ, ಇದ್ರಾಗ ಕೊತ್ತಂಬ್ರಿ ಐತೇನೋ?"

"ಐತಿ! ಐತಿ!" ಅಣ್ಣ ಕುಣಿದೇ ಬಿಟ್ಟ.

"ಸುಮ್ಮ ಕುಂದ್ರು ತಮ್ಮಾ," ಅತ್ತೆ ಗದರಿಸಿದರು. "ಅದ್ರಾಗ ಏನೇನ ಹಾಕ್ತಾರಂತ ನೀನ ದಿನಾ ಹೇಳಿ ಹೇಳಿ ಅಕಿ ತಲ್ಯಾಗ ತುಂಬೀದಿ. ನಾ ನೋಡ್ತೀನಿ." ಹೊರಸಿನಿಂದ ಎದ್ದು ಗೋಡೆ ಹಿಡಿದುಕೊಂಡು ಗಿರಣಿಯೊಳಗೆ ಹೋದರು. ಚೀಲಗಳ ನಡುವೆ ಕೈಯಾಡಿಸುವುದು ಕೇಳಿಸಿತು. ಮುಷ್ಟಿ ಕಟ್ಟಿಕೊಂಡು ಬಂದು ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದರು. "ಏನಿದು ಹೇಳು."

ತಪ್ಪಿ ಹೇಳಿದರೆ ನಮ್ಮಿಬ್ಬರಿಗೂ ಅಲ್ಲಿಗೆ ಮುಗಿಯಿತು. ಸಣ್ಣಗೆ, ಬಹಳ ದೂರದಿಂದ ಬಂತು.

"ಕೊತ್ತಂಬ್ರಿ ಕಾಳ್ರಿ ಅತ್ತಿ."

"ಹಸೀದೋ, ಹುರದದ್ದೋ?"

"ಹುರದದ್ದು. ಆದ್ರ ಇನ್ನಷ್ಟು ಹುರೀಬೇಕಿತ್ರಿ. ಲಗೂನ ಇಳಿಸ್ಯಾರ."

ಕಣ್ಣು ಬಿಟ್ಟೆ. ಅತ್ತೆ ಮುಷ್ಟಿ ಬಿಚ್ಚಿದರು. ಬೆಳಿಗ್ಗೆ ನನ್ನ ಗಂಡ ಹುರಿದಿಟ್ಟ ಕಾಳು. ನನ್ನ ಗಂಡನಿಗೆ ತಾಳ್ಮೆಯಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿದ್ದದ್ದೇ. ಅತ್ತೆ ನಕ್ಕರು. ನಗುತ್ತ ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಣ್ಣ ಬಾಟಲಿ ಹಿಡಿದುಕೊಂಡು ಬೇವಿನ ಮರದ ಕಡೆಗೆ ಮುಖ ತಿರುಗಿಸಿ ನಿಂತ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಹೊರಸಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದರು. ಹೋಗಿ ಕೂತೆ. ಅವರು ಜಿನ್ ತಿಕ್ಕಿದ್ದ ನನ್ನ ಕೈಯನ್ನು ಎಳೆದುಕೊಂಡು ತಮ್ಮ ಮೂಗಿಗೆ ಹಿಡಿದರು. ನಾನು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದೆ, ಬಿಡಲಿಲ್ಲ. ಒಂದು ಸಲ ಉಸಿರು ಎಳೆದರು. ಅವರಿಗೆ ಏನೂ ಬರಲಿಲ್ಲ. ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

"ಏನೇನ ಐತಿ ಹೇಳು ಇದ್ರಾಗ."

"ಕೊತ್ತಂಬ್ರಿ ಮುಂದ ಐತ್ರಿ ಅತ್ತಿ. ಹಸೀದು. ಅದ್ರ ಹಿಂದ ನಿಂಬಿ ಸಿಪ್ಪಿ ಬಂದ್ಹಂಗ ಆಗಿ ಹೋಗ್ತೈತಿ. ಆಮ್ಯಾಲ ಯಾವುದೋ ಗಿಡದ್ದು, ಅದನ್ನ ನಾವು ನೋಡಿಲ್ರಿ..."

ಅವರು ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

"ನಿಧಾನ ಹೇಳವಾ," ಎಂದರು. "ಲಗೂನ ಮುಗಸಬ್ಯಾಡ."